ಕೊಟ್ಟು ಕಿತ್ತುಕೊಂಡ ಲಿನಕ್ಸ್: ಪ್ಲೇಸ್ಟೇಷನ್ 3ರ ಪ್ರಕರಣ

ಗೇಮ್ ಕನ್ಸೋಲ್ ಮೇಲೆ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕುವುದು ಸಾಮಾನ್ಯವಾಗಿ ಹಿಂಬಾಗಿಲಿನ ಕೆಲಸ. ಎಲ್ಲೋ ಒಂದು ತೂತು ಹುಡುಕಬೇಕು, ಕಂಪನಿಯ ಕಣ್ಣು ತಪ್ಪಿಸಬೇಕು, ವಾರಂಟಿಗೆ ಎಳ್ಳುನೀರು ಬಿಡಬೇಕು. ಸೋನಿಯ ಪ್ಲೇಸ್ಟೇಷನ್ 3 ಹಾಗಿರಲಿಲ್ಲ. 2006ರ ನವೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಸೆಟ್ಟಿಂಗ್ಸ್ ಮೆನುವಿನಲ್ಲೇ ‘ಇನ್‌ಸ್ಟಾಲ್ ಅದರ್ ಓಎಸ್’ ಅಂತ ಒಂದು ಸಾಲು ಇತ್ತು. ಒತ್ತಿದರೆ ಆಯಿತು. ಕದಿಯುವ ಮಾತೇ ಇಲ್ಲ, ಕಂಪನಿಯೇ ಕರೆದು ಕೊಟ್ಟ ಸವಲತ್ತು.

2010ರ ಏಪ್ರಿಲ್ 1ರಂದು ಒಂದು ಫರ್ಮ್‌ವೇರ್ (ಮಷೀನಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಬಂತು. ಆ ಸಾಲು ಮೆನುವಿನಿಂದ ಹೋಯಿತು, ಅದೂ ಜನ ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದ ಮಷೀನುಗಳಿಂದಲೇ. ಈ ಮೂರೂವರೆ ವರ್ಷದಲ್ಲಿ ಆ ಸಾಲಿನ ಹಿಂದೆ ನಿಜವಾಗಿ ಏನಿತ್ತು, ಕೊಂಡವನ ಕೈಗೆ ಎಷ್ಟು ಸಿಕ್ಕಿತು, ಆಮೇಲೆ ಏನಾಯಿತು ಅನ್ನುವುದೇ ಇಲ್ಲಿನ ಪ್ರಕರಣ.

ಸೋನಿ ಯಾಕೆ ಕೊಟ್ಟಿತು

ಇದು ಸೋನಿಗೆ ಹೊಸದಲ್ಲ. 2002ರಲ್ಲೇ ಪ್ಲೇಸ್ಟೇಷನ್ 2ಕ್ಕೆ ಒಂದು ಲಿನಕ್ಸ್ ಕಿಟ್ ಮಾರಿತ್ತು. 40 ಜಿಬಿ ಹಾರ್ಡ್ ಡಿಸ್ಕ್, ಕೀಬೋರ್ಡ್, ಮೌಸ್, ನೆಟ್‌ವರ್ಕ್ ಅಡಾಪ್ಟರ್ ಎಲ್ಲ ಒಂದೇ ಡಬ್ಬದಲ್ಲಿ. ಪಿಎಸ್3 ಹೊತ್ತಿಗೆ ಆಸೆ ಇನ್ನೂ ದೊಡ್ಡದಾಗಿತ್ತು. ಪ್ಲೇಸ್ಟೇಷನ್‌ನ ಜನಕ ಅನ್ನಿಸಿಕೊಂಡ ಕೆನ್ ಕುಟರಾಗಿ ಇದು ಆಟದ ಡಬ್ಬವಲ್ಲ, ಕಂಪ್ಯೂಟರ್ ಅಂತ ಹೇಳುತ್ತಲೇ ಇದ್ದರು. ಸೋನಿ, ತೊಷಿಬಾ, ಐಬಿಎಂ ಮೂವರೂ ಸೇರಿ ಮಾಡಿದ ಸೆಲ್ ಪ್ರೊಸೆಸರ್ ಅದರೊಳಗಿತ್ತು. ಅದಕ್ಕೆ ಪ್ರೋಗ್ರಾಂ ಬರೆಯುವುದು ಬಲು ಕಷ್ಟ. ಕಾಲೇಜು, ಲ್ಯಾಬುಗಳಲ್ಲಿ ಜನ ಅದರ ಮೇಲೆ ಕೈ ಪಳಗಿಸಿಕೊಂಡರೆ ನಾಳೆ ಕಂಪನಿಗೇ ಲಾಭ, ಅಲ್ವಾ?

ಲೆಕ್ಕದಲ್ಲಿ ಒಂದು ತೊಡಕು ಮಾತ್ರ ಇತ್ತು. 60 ಜಿಬಿ ಮಾಡೆಲ್‌ನ ಬೆಲೆ ಅಮೆರಿಕದಲ್ಲಿ 599 ಡಾಲರ್. ಬಿಡಿಭಾಗಗಳನ್ನು ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಸಂಸ್ಥೆಯ ಅಂದಾಜಿನಲ್ಲಿ ತಯಾರಿಕೆಯ ಖರ್ಚು ಸುಮಾರು 840 ಡಾಲರ್. ಮಷೀನಿನಲ್ಲಿ ಆಗುವ ನಷ್ಟವನ್ನು ಗೇಮ್ ಮಾರಿ ತುಂಬಿಕೊಳ್ಳುವುದು ಕನ್ಸೋಲ್ ವ್ಯಾಪಾರದ ದಾರಿ. ಲಿನಕ್ಸ್‌ಗೋಸ್ಕರ ಕೊಂಡವನು ಗೇಮ್ ಕೊಳ್ಳುವುದಿಲ್ಲ. ಅವನು ಗಿರಾಕಿಯೂ ಹೌದು, ನಷ್ಟವೂ ಹೌದು.

ಹಾಕುವ ಕೆಲಸ

ಮೊದಲು ಡಿಸ್ಕ್ ಪೂರ್ತಿ ಅಳಿಸಬೇಕು. ಫಾರ್ಮ್ಯಾಟ್ ಮೆನು ಒಂದೇ ಪ್ರಶ್ನೆ ಕೇಳುತ್ತದೆ: 10 ಜಿಬಿಯನ್ನು ‘ಅದರ್ ಓಎಸ್’ಗೆ ಕೊಟ್ಟು ಉಳಿದದ್ದನ್ನು ಪಿಎಸ್3ಗೆ ಬಿಡಲೇ, ಅಥವಾ 10 ಜಿಬಿಯನ್ನು ಪಿಎಸ್3ಗೆ ಇಟ್ಟು ಉಳಿದದ್ದನ್ನು ‘ಅದರ್ ಓಎಸ್’ಗೆ ಕೊಡಲೇ? ನಡುವಿನ ಅಳತೆ ಇಲ್ಲ. ಅರ್ಧ ಅರ್ಧ ಬೇಕು ಅಂದರೆ ಸಿಗುವುದಿಲ್ಲ. ಗೇಮ್ ಸೇವ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದಿತ್ತು, ಆದರೆ ಕೆಲವು ಗೇಮ್‌ಗಳು ತಮ್ಮ ಸೇವ್ ಕಾಪಿ ಆಗದಂತೆ ಬೀಗ ಹಾಕಿರುತ್ತಿದ್ದವು. ಅವು ಹೋದವು ಅಂತಲೇ ಲೆಕ್ಕ.

ಆಮೇಲೆ ಬೂಟ್‌ಲೋಡರ್, ಅಂದರೆ ಮಷೀನ್ ಶುರುವಾದಾಗ ಓಎಸ್ ಎತ್ತಿಕೊಡುವ ಪುಟ್ಟ ಪ್ರೋಗ್ರಾಂ. ಪೆನ್‌ಡ್ರೈವ್‌ನಲ್ಲಿ ‘ಪಿಎಸ್3’ ಹೆಸರಿನ ಫೋಲ್ಡರ್, ಅದರೊಳಗೆ ‘ಅದರ್‌ಓಎಸ್’ ಫೋಲ್ಡರ್, ಅದರೊಳಗೆ ಒಂದು ಫೈಲ್. ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೂ ಮೆನು ‘ಸಿಗಲಿಲ್ಲ’ ಅನ್ನುತ್ತದೆ. ಸಿಕ್ಕರೆ ಆ ಫೈಲನ್ನು ಒಳಗಿನ ಫ್ಲಾಶ್ ಮೆಮೊರಿಗೆ ಬರೆದುಕೊಳ್ಳುತ್ತದೆ. ‘ಡಿಫಾಲ್ಟ್ ಸಿಸ್ಟಮ್’ ಅನ್ನುವ ಕಡೆ ‘ಅದರ್ ಓಎಸ್’ ಆರಿಸಿ ರೀಸ್ಟಾರ್ಟ್ ಮಾಡಿದರೆ ಟಿವಿ ಮೇಲೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್‌ಗಳು ಎರಡು ಬಂದು ನಿಲ್ಲುತ್ತವೆ. ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಬೂಟ್ ಆಗುವಾಗ ಎಷ್ಟು ಸಿಪಿಯು ಕಂಡರೆ ಅಷ್ಟು ಪೆಂಗ್ವಿನ್ ತೋರಿಸುತ್ತದೆ. ಸೆಲ್‌ನ ಮುಖ್ಯ ಕೋರ್ ಒಂದೇ, ಅದರಲ್ಲಿ ಎರಡು ಥ್ರೆಡ್ (ಒಟ್ಟಿಗೇ ನಡೆಯುವ ಕೆಲಸದ ಎಳೆ), ಲಿನಕ್ಸ್ ಕಣ್ಣಿಗೆ ಅವು ಎರಡು ಸಿಪಿಯು. ಹಾಗಾಗಿ ಎರಡು ಹಕ್ಕಿ.

ಇಲ್ಲಿಂದ ಗೇಮ್‌ಪ್ಯಾಡ್ ಕೆಳಗಿಟ್ಟು ಯುಎಸ್‌ಬಿ ಕೀಬೋರ್ಡ್ ಹಿಡಿಯಬೇಕು. ಈ ಬೂಟ್‌ಲೋಡರ್ ಕೂಡ ಒಂದು ಪುಟ್ಟ ಲಿನಕ್ಸೇ. ಮೊದಲಿಗೆ ಬಂದದ್ದರ ಹೆಸರು ಕೆಬೂಟ್, ಆಮೇಲೆ ಬಂದದ್ದು ಪೆಟಿಟ್‌ಬೂಟ್. ಇದು ಡಿಸ್ಕ್ ಅಥವಾ ಡಿವಿಡಿಯಿಂದ ಇನ್ನೊಂದು ಕರ್ನಲನ್ನು ಎತ್ತಿಕೊಂಡು, ಅದಕ್ಕೆ ಜಾಗ ಬಿಟ್ಟುಕೊಟ್ಟು ತಾನು ಸರಿಯುತ್ತದೆ.

ಜನ ಹೆಚ್ಚು ಒದ್ದಾಡಿದ್ದು ಟಿವಿಯ ಜೊತೆ. ಆಗಿನ ಎಷ್ಟೋ ಮನೆಗಳಲ್ಲಿ ಹಳೇ ಡಬ್ಬ ಟಿವಿಗಳೇ ಇದ್ದವು. ಅದರಲ್ಲಿ ಕನ್ಸೋಲ್ ಅಕ್ಷರಗಳು ಕಲಸಿಹೋಗುತ್ತಿದ್ದವು, ಓದಲಾಗುತ್ತಿರಲಿಲ್ಲ. ವಿಡಿಯೋ ಮೋಡ್‌ಗಳಿಗೆ ನಂಬರ್ ಇತ್ತು: 3 ಅಂದರೆ 720ಪಿ, 5 ಅಂದರೆ 1080ಪಿ. ಟಿವಿ ಅಂಚು ನುಂಗಬಾರದು ಅಂತ ಮಾಮೂಲಿ ಮೋಡ್‌ನಲ್ಲಿ ಚಿತ್ರದ ಸುತ್ತ ಕಪ್ಪು ಪಟ್ಟಿ ಬಿಡುತ್ತಿದ್ದರು. ಪೂರ್ತಿ ಪರದೆ ಬೇಕು ಅಂದರೆ ಆ ನಂಬರಿಗೆ 128 ಕೂಡಿಸಬೇಕು. ಅಂದರೆ 720ಪಿ ಪೂರ್ತಿ ಪರದೆಗೆ 131. ಇದನ್ನು ಯಾರಾದರೂ ಹೇಳಿಕೊಡದೆ ಹೇಗೆ ತಿಳಿಯಬೇಕು?

ಗೇಮ್ ಆಡಬೇಕು ಅನಿಸಿದರೆ ‘ಬೂಟ್-ಗೇಮ್-ಓಎಸ್’ ಅಂತ ಒಂದು ಕಮಾಂಡ್ ಇತ್ತು. ಎಲ್ಲ ಕೈಕೊಟ್ಟರೆ ಪವರ್ ಬಟನ್ ಒತ್ತಿ ಹಿಡಿದುಕೊಂಡು ಶುರು ಮಾಡಿದರೂ ಸೋನಿಯ ಮೆನುವಿಗೆ ಮರಳಬಹುದಿತ್ತು. ಮಷೀನ್ ಕೆಟ್ಟುಹೋಗುತ್ತದೆ ಅನ್ನುವ ಭಯ ಇರಲಿಲ್ಲ. ಇದೊಂದು ಮಾತ್ರ ನಿಜಕ್ಕೂ ಚೆನ್ನಾಗಿ ಮಾಡಿದ್ದರು.

ಯಾವ ಡಿಸ್ಟ್ರೊ

ಲಿನಕ್ಸ್‌ಗೆ ಹಲವು ಡಿಸ್ಟ್ರೊಗಳು, ಅಂದರೆ ಬೇರೆ ಬೇರೆಯವರು ಕಟ್ಟಿಕೊಟ್ಟ ಸಿದ್ಧ ರೂಪಗಳು. ಸೋನಿಯ ಜೊತೆ ಕೈಜೋಡಿಸಿದ್ದು ಯೆಲ್ಲೋ ಡಾಗ್ ಲಿನಕ್ಸ್. ಮಾಡುತ್ತಿದ್ದವರು ಅಮೆರಿಕದ ಕೊಲೊರಾಡೊದ ಟೆರಾ ಸಾಫ್ಟ್ ಅನ್ನುವ ಸಣ್ಣ ಕಂಪನಿ. ಆಪಲ್‌ನ ಪವರ್‌ಪಿಸಿ ಚಿಪ್ಪಿನ ಮಷೀನುಗಳಿಗೆ ಲಿನಕ್ಸ್ ಮಾಡಿಕೊಂಡು ಬದುಕಿದ್ದರು. ಆಪಲ್ ಇಂಟೆಲ್ ಕಡೆ ಹೊರಳಿದಾಗ ಕಾಲ ಕೆಳಗಿನ ನೆಲವೇ ಹೋಯಿತು. ಆ ಹೊತ್ತಿಗೆ ಪಿಎಸ್3 ಬಂದದ್ದು ಅವರಿಗೆ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿ. 2006ರ ನವೆಂಬರ್ ಕೊನೆಯಲ್ಲಿ ಐದನೇ ಆವೃತ್ತಿ ಹೊರಟಿತು.

ಸೆಲ್ ಪವರ್‌ಪಿಸಿ ಜಾತಿಯದ್ದಾದ್ದರಿಂದ ಮನೆಯ ಪಿಸಿಗೆ ಹಾಕುವ ಸಿಡಿ ಇಲ್ಲಿ ನಡೆಯದು. ಆದರೆ ಯೆಲ್ಲೋ ಡಾಗ್‌ಗೇ ಅಂಟಿಕೊಳ್ಳಬೇಕಾಗಿಯೂ ಇರಲಿಲ್ಲ. ಫೆಡೋರಾ, ಡೆಬಿಯನ್, ಜೆಂಟೂ ಎಲ್ಲ ಬಂದವು. ಉಬುಂಟು 2007ರ ಶುರುವಿನಲ್ಲಿ ಪವರ್‌ಪಿಸಿಯನ್ನು ಅಧಿಕೃತ ಪಟ್ಟಿಯಿಂದ ಇಳಿಸಿ ಸ್ವಯಂಸೇವಕರ ಕೈಗೆ ಕೊಟ್ಟಿತು. ಅವರು ಬಿಡಲಿಲ್ಲ, 7.04ರಲ್ಲಿ ಪಿಎಸ್3ಗೇ ಅಂತ ಸಿಡಿ ಮಾಡಿದರು.

ಆಯ್ಕೆಯನ್ನು ಕೊನೆಗೆ ತೀರ್ಮಾನಿಸುತ್ತಿದ್ದದ್ದು ರುಚಿಯಲ್ಲ, ಮೆಮೊರಿ. ಪಿಎಸ್3ಯ ಮುಖ್ಯ ಮೆಮೊರಿ 256 ಎಂಬಿ. ಇನ್ನೊಂದು 256 ಎಂಬಿ ಗ್ರಾಫಿಕ್ಸ್ ಚಿಪ್‌ನ ಪಾಲು. ಮುಖ್ಯ ಮೆಮೊರಿಯಲ್ಲೂ ಸ್ವಲ್ಪವನ್ನು ಲಿನಕ್ಸ್‌ನ ಕೆಳಗೆ ಕೂತ ಸೋನಿಯದೇ ತಂತ್ರಾಂಶ ಹಿಡಿದುಕೊಂಡಿರುತ್ತಿತ್ತು. ಗ್ನೋಮ್ ಡೆಸ್ಕ್‌ಟಾಪ್, ಫೈರ್‌ಫಾಕ್ಸ್, ನಾಲ್ಕು ಟ್ಯಾಬ್: ಅಷ್ಟಕ್ಕೇ ಹಾರ್ಡ್ ಡಿಸ್ಕ್ ಗರಗರ ಅನ್ನಲು ಶುರು. ಹಗುರವಾದ ಡೆಸ್ಕ್‌ಟಾಪ್ ಹಾಕಿದ ಡೆಬಿಯನ್ನೇ ನನ್ನ ಪ್ರಕಾರ ಸರಿಯಾದ ಆಯ್ಕೆ. ಟಿವಿ ಕೆಳಗೆ ಉಬುಂಟು ಅನ್ನುವುದು ಕೇಳಲಿಕ್ಕೆ ಚೆಂದ, ಬಳಸಲಿಕ್ಕೆ ಅಲ್ಲ. ಅಡೋಬಿ ಪವರ್‌ಪಿಸಿ ಲಿನಕ್ಸ್‌ಗೆ ಫ್ಲಾಶ್ ಪ್ಲೇಯರ್ ಕೊಡಲೇ ಇಲ್ಲ. ಹಾಗಾಗಿ ಆಗಿನ ವಿಡಿಯೋ ಸೈಟುಗಳೂ ನೆಟ್ಟಗೆ ಓಡುತ್ತಿರಲಿಲ್ಲ.

ಗ್ರಾಫಿಕ್ಸ್ ಚಿಪ್ ವಿಷಯ ಇನ್ನೂ ಬೇಸರದ್ದು. ಎನ್‌ವಿಡಿಯಾ ಜೊತೆ ಸೇರಿ ಮಾಡಿದ ಆರ್‌ಎಸ್‌ಎಕ್ಸ್ ಚಿಪ್ ಒಳಗೇ ಇದೆ, ಲಿನಕ್ಸ್‌ಗೆ ಮಾತ್ರ ಕೈಗೆಟುಕದು. ಬರೀ ಒಂದು ಫ್ರೇಮ್‌ಬಫರ್ (ಪರದೆಯ ಚಿತ್ರ ಬರೆದಿಡುವ ಮೆಮೊರಿ ಜಾಗ) ಕೊಟ್ಟಿದ್ದರು, ಚಿತ್ರ ಬರೆಯುವ ದುಡಿಮೆಯೆಲ್ಲ ಸಿಪಿಯುವಿನದು. ಶುರುವಿನ ಫರ್ಮ್‌ವೇರ್‌ಗಳಲ್ಲಿ ಆ ಚಿಪ್ಪನ್ನು ನೇರವಾಗಿ ಮುಟ್ಟಲು ಒಂದು ಕಿಂಡಿ ಉಳಿದಿತ್ತು, ಜನ ಅದರಲ್ಲಿ ಡ್ರೈವರ್ ಬರೆಯಲು ಹೊರಟೂ ಇದ್ದರು. 2007ರ ಡಿಸೆಂಬರಿನ 2.10 ಆವೃತ್ತಿ ಅದನ್ನು ಮುಚ್ಚಿತು. ಆಮೇಲೆ ಉಳಿದದ್ದು ಒಂದು ಜಾಣ ಉಪಾಯ: ಬಳಕೆಯಾಗದೆ ಬಿದ್ದಿರುವ ವಿಡಿಯೋ ಮೆಮೊರಿಯನ್ನು ಡಿಸ್ಕ್ ಥರ ತೋರಿಸಿ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಹೆಚ್ಚುವರಿ ಜಾಗ) ಆಗಿ ಬಳಸುವುದು. ಅದರ ಡ್ರೈವರ್ 2009ರಲ್ಲಿ ಮುಖ್ಯ ಕರ್ನಲ್‌ಗೇ ಸೇರಿತು. ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ವೇಗ.

ಹಾಗಾದರೆ ಇದು ಯಾರಿಗೆ ಬೇಕಿತ್ತು? ಲೆಕ್ಕ ಹಾಕುವವರಿಗೆ. ಸೆಲ್‌ನಲ್ಲಿ ಮುಖ್ಯ ಕೋರ್ ಜೊತೆ ಎಸ್‌ಪಿಇ ಅನ್ನುವ ಎಂಟು ಸಣ್ಣ ಕೋರ್‌ಗಳು. ಪಿಎಸ್3ಯಲ್ಲಿ ಒಂದನ್ನು ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ, ಒಂದು ವ್ಯವಸ್ಥೆಗೆ ಮೀಸಲು, ಆರು ಲಿನಕ್ಸ್‌ಗೆ. ಒಂದೊಂದೂ ಸೆಕೆಂಡಿಗೆ 25.6 ಗಿಗಾಫ್ಲಾಪ್, ಅಂದರೆ 2,560 ಕೋಟಿ ಲೆಕ್ಕ. ಆದರೆ ಒಂದೊಂದಕ್ಕೆ ಇರುವುದು 256 ಕೆಬಿ ಸ್ವಂತ ಜಾಗ ಮಾತ್ರ. ಪ್ರೋಗ್ರಾಂ, ಡೇಟಾ ಎರಡೂ ಅದರಲ್ಲೇ ಹಿಡಿಸಬೇಕು, ತಂದು ಹಾಕುವುದು, ಒಯ್ಯುವುದು ಎಲ್ಲ ನೀವೇ ಬರೆಯಬೇಕು. ಆ ಕಷ್ಟ ಪಟ್ಟವರಿಗೆ ಆ ಬೆಲೆಯಲ್ಲಿ ಅಂಥ ವೇಗ ಬೇರೆ ಎಲ್ಲೂ ಸಿಗುತ್ತಿರಲಿಲ್ಲ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಕ್ಯಾಂಪಸ್‌ನ ಭೌತವಿಜ್ಞಾನಿ ಗೌರವ್ ಖನ್ನಾ 2007ರಲ್ಲಿ ಎಂಟು ಪಿಎಸ್3ಗಳನ್ನು ಜೋಡಿಸಿ ಕಪ್ಪುಕುಳಿಗಳ ಲೆಕ್ಕ ಮಾಡಿದರು. 2008ರ ಡಿಸೆಂಬರಿನಲ್ಲಿ ಸಂಶೋಧಕರ ಒಂದು ತಂಡ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಲ್ಯಾಬಿನಲ್ಲಿದ್ದ ಸುಮಾರು 200 ಪಿಎಸ್3ಗಳನ್ನು ಬಳಸಿ, ಎಂಡಿ5 ಹ್ಯಾಷ್ (ಡೇಟಾದ ಬೆರಳಚ್ಚು ತೆಗೆಯುವ ಒಂದು ಲೆಕ್ಕ) ಎಷ್ಟು ದುರ್ಬಲ ಅಂತ ತೋರಿಸಲು ವೆಬ್‌ಸೈಟುಗಳ ನಕಲಿ ಸರ್ಟಿಫಿಕೇಟ್ ಕೊಡಬಲ್ಲ ಅಧಿಕಾರವನ್ನೇ ಸೃಷ್ಟಿಸಿತು. ಅಮೆರಿಕದ ವಾಯುಪಡೆಯ ಸಂಶೋಧನಾ ಪ್ರಯೋಗಾಲಯ ನ್ಯೂಯಾರ್ಕ್ ರಾಜ್ಯದ ರೋಮ್ ಊರಿನಲ್ಲಿ 1,700ಕ್ಕೂ ಹೆಚ್ಚು ಪಿಎಸ್3ಗಳನ್ನು ಸೇರಿಸಿ ‘ಕಾಂಡೊರ್’ ಅನ್ನುವ ಸೂಪರ್‌ಕಂಪ್ಯೂಟರ್ ಕಟ್ಟಿತು. ಖರ್ಚು ಸುಮಾರು 20 ಲಕ್ಷ ಡಾಲರ್, ವೇಗ ಸುಮಾರು 500 ಟೆರಾಫ್ಲಾಪ್. ಇವರಲ್ಲಿ ಯಾರೂ ಗೇಮ್ ಕೊಂಡಿರಲಾರರು.

ಬೀಗದ ಕೈ ಯಾರ ಹತ್ತಿರ

ಈ ಲಿನಕ್ಸ್ ಪಿಎಸ್3ಯ ಯಜಮಾನ ಆಗಿರಲೇ ಇಲ್ಲ. ಬಾಡಿಗೆದಾರ. ಎಲ್ಲಕ್ಕಿಂತ ಕೆಳಗೆ ಸೋನಿಯ ಹೈಪರ್‌ವೈಸರ್ ಕೂತಿತ್ತು. ಡಿಸ್ಕ್ ಬೇಕು, ಮೆಮೊರಿ ಬೇಕು, ನೆಟ್‌ವರ್ಕ್ ಬೇಕು ಅಂದರೆ ಅದನ್ನೇ ಕೇಳಬೇಕು. ಯಾವ ಕೋಣೆ ತೆರೆದಿರಬೇಕು, ಯಾವುದಕ್ಕೆ ಬೀಗ ಅನ್ನುವುದು ಅದರ ಇಷ್ಟ. 2.10ರಲ್ಲಿ ಗ್ರಾಫಿಕ್ಸ್ ಕಿಂಡಿ ಮುಚ್ಚಿದಾಗಲೇ ಇದು ಗೊತ್ತಾಗಬೇಕಿತ್ತು. ಆದರೆ ಕೆಲಸ ನಡೆಯುತ್ತಿತ್ತು, ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

2009ರ ಆಗಸ್ಟಿನಲ್ಲಿ ಸೋನಿ ತೆಳುವಾದ ಪಿಎಸ್3 ಸ್ಲಿಮ್ ಪ್ರಕಟಿಸಿತು. ಅದರಲ್ಲಿ ‘ಅದರ್ ಓಎಸ್’ ಇಲ್ಲ. ಗೇಮ್ ಮತ್ತು ಮನರಂಜನೆಯ ಕಡೆ ಗಮನ ಕೊಡುತ್ತೇವೆ ಅನ್ನುವುದು ಕೊಟ್ಟ ಕಾರಣ. ಹಳೇ ಮಾಡೆಲ್ ಇದ್ದವರ ಗತಿ? ಸೋನಿಯ ಕಡೆಯಿಂದ ಪಿಎಸ್3 ಲಿನಕ್ಸ್ ನೋಡಿಕೊಳ್ಳುತ್ತಿದ್ದ ಜೆಫ್ ಲೆವಾಂಡ್ ಅದೇ ವರ್ಷ ಡೆವಲಪರ್‌ಗಳಿಗೆ ಭರವಸೆ ಕೊಟ್ಟರು: ಈಗಾಗಲೇ ಮಾರಿದ ಮಷೀನುಗಳಲ್ಲಿ ಈ ಸವಲತ್ತು ಮುಂದುವರಿಯುತ್ತದೆ, ಮುಂದಿನ ಫರ್ಮ್‌ವೇರ್‌ಗಳು ಅದನ್ನು ತೆಗೆಯುವುದಿಲ್ಲ.

ಐದಾರು ತಿಂಗಳಲ್ಲೇ, 2010ರ ಜನವರಿಯಲ್ಲಿ, ಐಫೋನ್ ಅನ್‌ಲಾಕ್ ಮಾಡಿ ಹೆಸರಾಗಿದ್ದ ಜಾರ್ಜ್ ಹಾಟ್ಜ್ ಪಿಎಸ್3ಯ ಹೈಪರ್‌ವೈಸರ್ ಒಡೆದೆ ಅಂದರು. ಅವರು ಒಳಹೊಕ್ಕದ್ದು ಲಿನಕ್ಸ್ ಮೂಲಕವೇ. ತಂತ್ರ ಬಲು ಚೆಂದದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿನಕ್ಸ್ ಕಡೆಯಿಂದ ಒಂದು ಮೆಮೊರಿ ತುಂಡು ಕೇಳಿ ಪಡೆಯುವುದು, ಅದಕ್ಕೆ ಸಾಲುಸಾಲಾಗಿ ವಿಳಾಸಗಳ ದಾಖಲೆ ಮಾಡಿಸುವುದು. ಆಮೇಲೆ ‘ವಾಪಸ್ ತಗೋ’ ಅನ್ನುವುದು. ಹೈಪರ್‌ವೈಸರ್ ಆ ದಾಖಲೆಗಳನ್ನು ಒಂದೊಂದಾಗಿ ಅಳಿಸುತ್ತಾ ಹೋಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ, ಬೋರ್ಡಿನ ಮೆಮೊರಿ ತಂತಿಗೆ ಬೆಸುಗೆ ಹಾಕಿದ ಎಫ್‌ಪಿಜಿಎ ಅನ್ನುವ, ಬೇಕಾದಂತೆ ಹೊಂದಿಸಬಹುದಾದ ಚಿಪ್ಪಿನಿಂದ ಸುಮಾರು 40 ನ್ಯಾನೋಸೆಕೆಂಡಿನ ಒಂದು ಮಿಡಿತ ಕೊಡುವುದು. ಅದೃಷ್ಟ ಇದ್ದರೆ ಯಾವುದೋ ಒಂದು ಅಳಿಸುವಿಕೆ ಮೆಮೊರಿಗೆ ತಲುಪುವುದಿಲ್ಲ. ಹೈಪರ್‌ವೈಸರ್ ‘ಎಲ್ಲ ಅಳಿಸಿದೆ’ ಅಂದುಕೊಂಡಿರುತ್ತದೆ, ಲಿನಕ್ಸ್ ಕೈಯಲ್ಲಿ ಮಾತ್ರ ಒಂದು ಹಳೇ ದಾರಿ ಉಳಿದಿರುತ್ತದೆ. ಆ ಜಾಗದಲ್ಲಿ ಹೈಪರ್‌ವೈಸರ್ ತನ್ನದೇ ಮುಖ್ಯ ಕೋಷ್ಟಕ (ಯಾವ ಮೆಮೊರಿ ಯಾರಿಗೆ ಅನ್ನುವ ಪಟ್ಟಿ) ಇಡುವಂತೆ ಮಾಡಿದರೆ, ಅದನ್ನು ತಿದ್ದಬಹುದು. ಅಲ್ಲಿಗೆ ಮನೆಯೇ ನಿಮ್ಮದು.

ಇದರಿಂದ ಯಾರೂ ಕೂತಲ್ಲೇ ಪೈರಸಿ ಗೇಮ್ ಆಡುವ ಹಾಗಿರಲಿಲ್ಲ. ಬೆಸುಗೆ ಹಾಕಬೇಕು, ಮತ್ತೆ ಮತ್ತೆ ಬಟನ್ ಒತ್ತಬೇಕು. ಆದರೆ ಸೋನಿಯ ಭಯ ಸುಳ್ಳು ಅಂತಲೂ ಹೇಳಲಾರೆ. ಹೈಪರ್‌ವೈಸರನ್ನು ಒಮ್ಮೆ ಪೂರ್ತಿ ಓದಿಕೊಂಡವರು ಮುಂದೆ ಬೆಸುಗೆ ಬೇಡದ ದಾರಿ ಹುಡುಕಬಹುದು. ತಪ್ಪಾದದ್ದು ಮದ್ದಿನಲ್ಲಿ. ಮಾರ್ಚ್ 28ಕ್ಕೆ ಪ್ರಕಟಣೆ, ಏಪ್ರಿಲ್ 1ಕ್ಕೆ 3.21 ಆವೃತ್ತಿ, ಕಾರಣ ‘ಭದ್ರತೆ’. ಒಡೆಯಲು ಕೂತವನು ಹಳೇ ಫರ್ಮ್‌ವೇರ್‌ನಲ್ಲೇ ಉಳಿದರೆ ಅವನಿಗೆ ಏನೂ ಆಗದು. ನಿಯತ್ತಾಗಿ ಗೇಮೂ ಆಡಿಕೊಂಡು ಲಿನಕ್ಸೂ ಇಟ್ಟುಕೊಂಡವನಿಗೇ ಪೆಟ್ಟು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ.

ಅಪ್‌ಡೇಟ್ ಕಡ್ಡಾಯವಲ್ಲ ಅಂತ ಸೋನಿ ಹೇಳಿತು. ಹೇಳಿದ್ದು ನಿಜ. ಹಾಕಿಕೊಳ್ಳದಿದ್ದರೆ ಪ್ಲೇಸ್ಟೇಷನ್ ನೆಟ್‌ವರ್ಕ್ ಇಲ್ಲ, ಆನ್‌ಲೈನ್ ಆಟ ಇಲ್ಲ, ಹೊಸ ಆವೃತ್ತಿ ಬೇಡುವ ಗೇಮ್ ಮತ್ತು ಬ್ಲೂ-ರೇ ಇಲ್ಲ. ಹಾಕಿಕೊಂಡರೆ ಲಿನಕ್ಸ್ ಪಾರ್ಟಿಷನ್ನಿನಲ್ಲಿದ್ದದ್ದೆಲ್ಲ ಕೈತಪ್ಪುತ್ತದೆ, ಮೊದಲೇ ಬ್ಯಾಕಪ್ ತೆಗೆದುಕೊಳ್ಳಿ ಅಂತ ಸಲಹೆ. ಅತ್ತ ದರಿ, ಇತ್ತ ಪುಲಿ. ವಾಯುಪಡೆಯವರಿಗೆ ನೆಟ್‌ವರ್ಕ್ ಬೇಕಿರಲಿಲ್ಲ, ಅಪ್‌ಡೇಟ್ ಮಾಡಲಿಲ್ಲ, ಕಾಂಡೊರ್ ಅದೇ ವರ್ಷದ ಡಿಸೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಆದರೆ ಕೆಟ್ಟ ಮಷೀನಿನ ಬದಲಿಗೆ ಇನ್ನೊಂದು ತರುವ ದಾರಿ ಮುಚ್ಚಿತ್ತು. ಹೊಸ ಸ್ಲಿಮ್‌ನಲ್ಲಿ ಲಿನಕ್ಸ್ ಇಲ್ಲ, ಸರ್ವಿಸ್‌ಗೆ ಕಳಿಸಿದರೆ ಹೊಸ ಫರ್ಮ್‌ವೇರ್ ಹಾಕಿಕೊಂಡು ಬರುತ್ತದೆ.

ಆಮೇಲೆ

2010ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನದಲ್ಲಿ ಫೇಲ್‌ಓವರ್‌ಫ್ಲೋ ತಂಡ ವೇದಿಕೆ ಹತ್ತಿತು. ಅಧಿಕೃತ ಪ್ರೋಗ್ರಾಂಗಳಿಗೆ ಸೋನಿ ಹಾಕುತ್ತಿದ್ದ ಡಿಜಿಟಲ್ ಸಹಿಯಲ್ಲಿ ಪ್ರತಿ ಸಲವೂ ಹೊಸ ಯಾದೃಚ್ಛಿಕ ಸಂಖ್ಯೆ ಬರಬೇಕಿತ್ತು, ಬರುತ್ತಿದ್ದದ್ದು ಅದೇ ಹಳೇ ಸಂಖ್ಯೆ. ಹಾಗಾದರೆ ಎರಡು ಸಹಿ ಸಿಕ್ಕರೆ ಸಾಕು, ಹೈಸ್ಕೂಲ್ ಬೀಜಗಣಿತದಲ್ಲಿ ಗುಟ್ಟಿನ ಕೀಲಿ ಹೊರಬರುತ್ತದೆ. ತಮ್ಮ ಉದ್ದೇಶ ಪೈರಸಿ ಅಲ್ಲ, ಲಿನಕ್ಸ್ ವಾಪಸ್ ತರುವುದು ಅಂತ ಅವರು ಹೇಳಿದರು. ‘ಅದರ್ ಓಎಸ್ ಕಿತ್ತದ್ದಕ್ಕೇ ಪಿಎಸ್3 ಒಡೆಯಿತು’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅದಕ್ಕೂ ಮೊದಲು, ಆಗಸ್ಟಿನಲ್ಲೇ, ಪಿಎಸ್ ಜೈಲ್‌ಬ್ರೇಕ್ ಅನ್ನುವ ಯುಎಸ್‌ಬಿ ಕಡ್ಡಿ ಮಾರುಕಟ್ಟೆಗೆ ಬಂದಿತ್ತು. ಅದಕ್ಕೆ ಲಿನಕ್ಸ್ ಬೇಕೂ ಇರಲಿಲ್ಲ, ಲಿನಕ್ಸ್ ಮೇಲಿನ ಪ್ರೀತಿಯೂ ಇರಲಿಲ್ಲ. ಆದರೆ ನುರಿತವರಿಗೆ ಹಠ ಹುಟ್ಟಿಸಿದ್ದು ಸೋನಿಯೇ ಅನ್ನುವುದರಲ್ಲಿ ಅನುಮಾನವಿಲ್ಲ. ಮುಂಬಾಗಿಲು ತೆರೆದಿದ್ದಷ್ಟು ದಿನ ಹಿಂಬಾಗಿಲು ಒಡೆಯುವ ಕೆಲಸ ಅವರಿಗೆ ಅಷ್ಟಾಗಿ ಬೇಕಿರಲಿಲ್ಲ.

ಹಾಟ್ಜ್ ಮೇಲೆ ಸೋನಿ 2011ರ ಜನವರಿಯಲ್ಲಿ ಕೇಸ್ ಹಾಕಿತು, ಏಪ್ರಿಲ್‌ನಲ್ಲಿ ರಾಜಿ ಆಯಿತು. ಗ್ರಾಹಕರ ಕೇಸ್ ಮಾತ್ರ ಎಳೆದೂ ಎಳೆದೂ ಸಾಗಿತು. 2010ರ ಏಪ್ರಿಲ್‌ನಲ್ಲೇ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾಖಲಾದದ್ದು. ಬೇಡದವರು ಅಪ್‌ಡೇಟ್ ಮಾಡದೇ ಇರಬಹುದಿತ್ತಲ್ಲ ಅನ್ನುವ ಧಾಟಿಯಲ್ಲಿ 2011ರ ಕೊನೆಗೆ ಅಲ್ಲಿ ವಜಾ ಆಯಿತು. 2014ರಲ್ಲಿ ಮೇಲ್ಮನವಿ ಕೋರ್ಟ್ ಅದರಲ್ಲಿ ಕೆಲವು ಅಂಶಗಳಿಗೆ ಮತ್ತೆ ಜೀವ ಕೊಟ್ಟಿತು. 2016ರಲ್ಲಿ ಬಂದ ರಾಜಿಯಲ್ಲಿ ನಿಜಕ್ಕೂ ಲಿನಕ್ಸ್ ಹಾಕಿದ್ದವರಿಗೆ 55 ಡಾಲರ್, ಬರೀ ಜಾಹೀರಾತು ನಂಬಿ ಕೊಂಡವರಿಗೆ 9 ಡಾಲರ್. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಕೊನೆಗೆ 37.5 ಲಕ್ಷ ಡಾಲರ್ ನಿಧಿ, ಒಬ್ಬೊಬ್ಬರಿಗೆ ಗರಿಷ್ಠ 65 ಡಾಲರ್ ಅಂತ 2018ರಲ್ಲಿ ಮುಗಿಯಿತು. ಅಮೆರಿಕದಲ್ಲಿ ಕೊಂಡವರಿಗೆ ಮಾತ್ರ. ಅಷ್ಟು ಹೊತ್ತಿಗೆ ಪಿಎಸ್4 ಬಂದು ಐದು ವರ್ಷ ಆಗುತ್ತಾ ಬಂದಿತ್ತು, ಬಿಲ್ ಇಟ್ಟುಕೊಂಡವರು ಎಷ್ಟು ಜನ ಇದ್ದಾರು?

ಈ ಪ್ರಕರಣದಿಂದ ಹುಟ್ಟಿದ ಒಂದು ವಸ್ತು ಮಾತ್ರ ಅನಿರೀಕ್ಷಿತವಾಗಿ ಬೆಳೆಯಿತು. ಪಿಎಸ್3ಗೆಂದು ಜೆರೆಮಿ ಕೆರ್ ಬರೆದ ಪೆಟಿಟ್‌ಬೂಟ್ ಮುಂದೆ ಐಬಿಎಂನ ಪವರ್8 ಸರ್ವರ್‌ಗಳ ಬೂಟ್‌ಲೋಡರ್ ಆಯಿತು.

ಇವತ್ತು ಹಳೇ ದಪ್ಪ ಪಿಎಸ್3 ಕೊಂಡು ಲಿನಕ್ಸ್ ಹಾಕಬೇಕು ಅನ್ನುವವರು ಮೊದಲು ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಆವೃತ್ತಿ ನೋಡಬೇಕು. 3.15 ಅಥವಾ ಅದಕ್ಕಿಂತ ಹಳೇದು ಇದ್ದರೆ ಸೋನಿ ಕೊಟ್ಟ ಮೂಲ ಮೆನುವೇ ಸಿಗುತ್ತದೆ. ಅಂಥದ್ದು ಸಿಗುವುದು ಅಪರೂಪ. ಹೊಸದಿದ್ದರೆ ಕಸ್ಟಮ್ ಫರ್ಮ್‌ವೇರ್ ಹಾಕಿ, ಹ್ಯಾಕರ್‌ಗಳು ಮತ್ತೆ ಕಟ್ಟಿದ ‘ಅದರ್‌ಓಎಸ್ ಪ್ಲಸ್ ಪ್ಲಸ್’ ಮೊರೆ ಹೋಗಬೇಕು. ಸುಮ್ನೆ ಕನ್ಸೋಲ್ ಮೇಲೆ ಬೇರೆ ಡಿಸ್ಟ್ರೊ ಓಡಿಸುವ ಖುಷಿ ಬೇಕು ಅಂದರೆ ಇಷ್ಟು ಕಷ್ಟವೂ ಬೇಡ. ವಾಲ್ವ್ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಮಷೀನ್ ಸ್ಟೀಮ್ ಡೆಕ್‌ನಲ್ಲಿ ಬೂಟ್‌ಲೋಡರ್‌ಗೆ ಬೀಗವೇ ಇಲ್ಲ. ಅದರ ಜೊತೆ ಬರುವುದೇ ಆರ್ಚ್ ಆಧಾರಿತ ಲಿನಕ್ಸ್, ಬೇಡ ಅಂದರೆ ಫೆಡೋರಾ ಆಧಾರಿತ ಬಜೈಟ್ ಹಾಕಿಕೊಳ್ಳಬಹುದು. ಪಿಎಸ್3ಯೇ ಬೇಕು ಅನ್ನುವ ಹಟದವರಿಗೂ ಒಂದು ಅನುಕೂಲ ಉಳಿದಿದೆ: ಲಿನಕ್ಸ್ ಕರ್ನಲ್‌ನ ಪವರ್‌ಪಿಸಿ ವಿಭಾಗದಿಂದ ಪಿಎಸ್3 ಕೋಡನ್ನು ಯಾರೂ ತೆಗೆದಿಲ್ಲ. ಸೋನಿ ಕೈಬಿಟ್ಟ ಮೇಲೂ ವರ್ಷಗಟ್ಟಲೆ ಅದನ್ನು ನೋಡಿಕೊಂಡು ಬಂದವರು ಅದೇ ಜೆಫ್ ಲೆವಾಂಡ್.